ಮೈಲೇಜ್ ಇಳಿದರೆ ಎಂಜಿನ್ ಬಿಚ್ಚಬೇಡಿ, ಮೊದಲು ಚಕ್ರ ತಿರುಗಿಸಿ ನೋಡಿ

ನನ್ನದು 150 ಸಿಸಿ ಬೈಕ್. ಫ್ಯುಯೆಲ್ ಇಂಜೆಕ್ಷನ್, ಮುಂದೆ ಡಿಸ್ಕ್, ಹಿಂದೆ ಡ್ರಮ್, 13 ಲೀಟರ್ ಟ್ಯಾಂಕ್. ಮನೆ ಪುಣೆಯ ನಿಗಡಿಯಲ್ಲಿ, ಕೆಲಸ ಚಾಕಣ್‌ನಲ್ಲಿ, ಊರು ನಿಪ್ಪಾಣಿ. ಮನೆಯಿಂದ ಊರಿಗೆ ಹೆಚ್ಚುಕಮ್ಮಿ 285 ಕಿಲೋಮೀಟರ್. ಮೂರು ವರ್ಷ ಒಂದೇ ಟ್ಯಾಂಕ್ ಪೆಟ್ರೋಲಿನಲ್ಲಿ ಊರಿಗೆ ಹೋಗಿ ವಾಪಸ್ ಬಂದಿದ್ದೇನೆ. ಹೈವೇಯಲ್ಲಿ 60ರ ಆಸುಪಾಸು ಓಡಿಸಿದರೆ ಲೀಟರಿಗೆ 47 ಸಿಗುತ್ತಿತ್ತು.

ಕಳೆದ ಮಳೆಗಾಲ ಮುಗಿದ ಮೇಲೆ ಊರಿನಿಂದ ಬರುತ್ತಿದ್ದೆ. ಕರಾಡ್ ದಾಟಿ ಉಂಬ್ರಜ್ ಹತ್ತಿರ ಬಂದಾಗ ಪೆಟ್ರೋಲ್ ದೀಪ ಹೊತ್ತಿಕೊಂಡಿತು. ಲೆಕ್ಕ ಹಾಕಿದರೆ 38. ಮೈಲೇಜ್ ಒಂದೇ ಅಲ್ಲ. ಹೋಗುವಾಗ ಖಂಬಾಟ್ಕಿ ಘಾಟ್‌ನಲ್ಲಿ, ಮೊದಲು ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಮೂರಕ್ಕೆ ಇಳಿಸಬೇಕಾಯಿತು. ಮನೆ ಮುಟ್ಟುವ ಹೊತ್ತಿಗೆ ಅಂಗೈ ಜುಮ್ಮೆನ್ನುತ್ತಿತ್ತು. ಸೊಂಟ ಹಿಡಿದುಕೊಂಡಿತ್ತು. ಊರಿಗೆ ಬೈಕಿನಲ್ಲಿ ಹೋಗುವುದು ಅಂದರೆ ನನಗೆ ಖುಷಿಯ ಕೆಲಸ. ಅವತ್ತು ಯಾಕಾದರೂ ಬಸ್ಸಿಗೆ ಹೋಗಲಿಲ್ಲವೋ ಅನ್ನಿಸಿತು.

ಆಮೇಲೆ ಒಂದು ತಿಂಗಳು ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆದೆ. ಒಬ್ಬರು ಸ್ಪಾರ್ಕ್ ಪ್ಲಗ್ ಬದಲಿಸಿದರು. ಇನ್ನೊಬ್ಬರು ಥ್ರಾಟಲ್ ಬಾಡಿ, ಇಂಜೆಕ್ಟರ್ ಕ್ಲೀನ್ ಮಾಡಿದರು. ಮೂರನೆಯವರು ‘ಇದೆಲ್ಲ ಇ20 ಪೆಟ್ರೋಲ್ ಕಾಟ, ಏನೂ ಮಾಡಕ್ಕಾಗಲ್ಲ’ ಅಂದರು. ಇ20 ಅಂದರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎರಡು ಸಾವಿರದ ಮೇಲೆ ಖರ್ಚಾಯಿತು. ಮೈಲೇಜ್ 38ರಲ್ಲೇ ನಿಂತಿತ್ತು.

ಕೊನೆಗೆ ನಾನೇ ಕೂತು ಹುಡುಕಿದೆ. ಎಂಜಿನ್‌ಗೆ ಏನೂ ಆಗಿರಲಿಲ್ಲ. ಅದು ಮಾಡಿದ ಕೆಲಸವನ್ನು ಚಕ್ರಗಳು ತಿನ್ನುತ್ತಿದ್ದವು. ಪಿಂಪ್ರಿ, ಭೋಸರಿ, ಹಿಂಜೇವಾಡಿಯಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗರು ಎಷ್ಟೋ ಜನ ಇದೇ ದೂರು ಹೇಳುತ್ತಾರೆ. ಅದಕ್ಕೇ ಹುಡುಕಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. 100 ಸಿಸಿಯಿಂದ 350 ಸಿಸಿವರೆಗೆ ಯಾವ ಬೈಕಿಗಾದರೂ ಇದು ಆಗುತ್ತದೆ.

ನಿಜವಾಗಿಯೂ ಇಳಿದಿದೆಯೇ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. 200 ರೂಪಾಯಿಗೆ ಪೆಟ್ರೋಲ್ ಹಾಕಿಸಿ, ಎಷ್ಟು ದಿನ ಬಂತು ಅಂತ ನೋಡುವುದು ಅಳತೆ ಅಲ್ಲ. ಮೀಟರಿನಲ್ಲಿ ತೋರಿಸುವ ಸರಾಸರಿಯನ್ನೂ ನಂಬಿ ಕೂರಬೇಡಿ. ಅದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರಿಂದ ಹಾಕಿದ ಅಂದಾಜು.

ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಅಳೆಯಿರಿ. ಬಂಕ್‌ನಲ್ಲಿ ನಳಿಕೆ ತಾನಾಗಿ ‘ಟಕ್’ ಅಂತ ನಿಲ್ಲುವವರೆಗೆ ತುಂಬಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ ಎಂಟು ಹತ್ತು ಲೀಟರ್ ಖರ್ಚಾಗುವಷ್ಟು ಓಡಿಸಿ. ಮತ್ತೆ ಅದೇ ಬಂಕ್, ಅದೇ ಪಂಪ್, ಬೈಕ್ ಅದೇ ಸ್ಟ್ಯಾಂಡ್ ಮೇಲೆ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿಸಿದ ಲೀಟರಿನಿಂದ ಭಾಗಿಸಿ. ಜಾಸ್ತಿ ಓಡಿಸಬೇಕು ಅನ್ನುವುದಕ್ಕೆ ಕಾರಣ ಇದೆ. ತುಂಬಿಸುವುದರಲ್ಲಿ ಅರ್ಧ ಲೀಟರ್ ಹೆಚ್ಚುಕಮ್ಮಿ ಆಗಬಹುದು. ಮೂರು ಲೀಟರಿಗೆ ಅಳೆದರೆ ಆ ಅರ್ಧ ಲೀಟರೇ ಶೇಕಡ 17ರಷ್ಟು ತಪ್ಪು ತೋರಿಸುತ್ತದೆ. ಹತ್ತು ಲೀಟರಿಗೆ ಅಳೆದರೆ 5 ಮಾತ್ರ. ಹಾಗಂತ ಕುತ್ತಿಗೆವರೆಗೆ ತುಂಬಿಸಬೇಡಿ. ಬಿಎಸ್6 (ಹೊಸ ಹೊಗೆ ನಿಯಮದ) ಬೈಕುಗಳಲ್ಲಿ ಪೆಟ್ರೋಲ್ ಆವಿ ಹಿಡಿಯುವ ಕ್ಯಾನಿಸ್ಟರ್ ಇರುತ್ತದೆ. ಅದಕ್ಕೆ ಪೆಟ್ರೋಲ್ ನುಗ್ಗಿದರೆ ಬೇರೆಯದೇ ತೊಂದರೆ ಶುರುವಾಗುತ್ತದೆ.

ಹೋಲಿಸುವುದಾದರೆ ನಿಮ್ಮ ಬೈಕಿನ ಹಳೆಯ ಅಂಕಿಯ ಜೊತೆ ಹೋಲಿಸಿ. ಜಾಹೀರಾತಿನ ಅಂಕಿಯ ಜೊತೆ ಬೇಡ. ಎಆರ್‌ಎಐ ಮೈಲೇಜ್ ಅಂತಾರಲ್ವಾ, ವಾಹನಗಳನ್ನು ಪರೀಕ್ಷೆ ಮಾಡುವ ಆ ಸಂಸ್ಥೆ ಇರುವುದು ನಮ್ಮ ಪುಣೆಯಲ್ಲೇ, ಕೋಥ್ರೂಡ್ ಕಡೆಯ ಗುಡ್ಡದ ಮೇಲೆ. ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರ್ ಮೇಲೆ, ಗೊತ್ತುಪಡಿಸಿದ ವೇಗದಲ್ಲಿ. ನಾಶಿಕ್ ಫಾಟಾದ ಸಿಗ್ನಲ್‌ನಲ್ಲಿ ಅಲ್ಲ.

ಇನ್ನೊಂದು ಮಾತು. ಮೈಲೇಜ್ ಒಂದೆರಡು ವಾರದಲ್ಲಿ ದಿಢೀರ್ ಇಳಿಯಿತೋ, ತಿಂಗಳುಗಟ್ಟಲೆ ಮೆಲ್ಲಗೆ ಇಳಿಯಿತೋ ನೆನಪು ಮಾಡಿಕೊಳ್ಳಿ. ಮೆಲ್ಲಗೆ ಇಳಿದರೆ ಸವೆತ, ಕೊಳೆ. ದಿಢೀರ್ ಇಳಿದರೆ ಏನೋ ಹಿಡಿದುಕೊಂಡಿದೆ, ಸೋರುತ್ತಿದೆ, ಇಲ್ಲವೇ ಯಾರೋ ಬೈಕಿಗೆ ಕೈ ಹಾಕಿದ್ದಾರೆ. ನನ್ನದು ದಿಢೀರ್ ಇಳಿದಿತ್ತು. ಊರಿಗೆ ಹೊರಡುವ ವಾರದ ಹಿಂದೆ ಸರ್ವಿಸ್ ಆಗಿತ್ತು. ಈ ಎರಡನ್ನೂ ಜೋಡಿಸಿ ನೋಡಲು ನನಗೆ ಒಂದು ತಿಂಗಳು ಬೇಕಾಯಿತು.

ಉರುಳಿಸಿ ನೋಡುವ ಪರೀಕ್ಷೆ

ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಇದೇ ಮುಖ್ಯ. ಪೈಸೆ ಖರ್ಚಿಲ್ಲ, ಸ್ಪ್ಯಾನರ್ ಬೇಡ. ಕೇಳುವ ಪ್ರಶ್ನೆ ಒಂದೇ: ಎಂಜಿನ್ ಸಹಾಯ ಇಲ್ಲದೆ ಬೈಕ್ ಹಗುರವಾಗಿ ಉರುಳುತ್ತದೆಯೇ? ಉರುಳದಿದ್ದರೆ ದೋಷ ಬ್ರೇಕ್, ಚೈನ್, ಟೈರ್, ಬೇರಿಂಗ್‌ಗಳಲ್ಲಿದೆ. ಚೆನ್ನಾಗಿ ಉರುಳಿದರೆ ಆಗ ಮಾತ್ರ ಕ್ಲಚ್, ಎಂಜಿನ್, ಪೆಟ್ರೋಲ್ ಕಡೆ ತಿರುಗಿ. ಅರ್ಧ ಬೈಕನ್ನು ಅನುಮಾನದ ಪಟ್ಟಿಯಿಂದ ಒಂದೇ ಸಲಕ್ಕೆ ತೆಗೆದುಹಾಕಬಹುದು.

ನಾನು ಭಾನುವಾರ ಬೆಳಿಗ್ಗೆ ಆರಕ್ಕೆ ನಿಗಡಿ ಪ್ರಾಧಿಕರಣದ ಒಂದು ನೇರ ರಸ್ತೆಯಲ್ಲಿ ಮಾಡಿದೆ. ಆ ಹೊತ್ತಿಗೆ ಅಲ್ಲಿ ಹಾಲಿನ ಗಾಡಿ ಬಿಟ್ಟರೆ ಯಾರೂ ಇರುವುದಿಲ್ಲ. ಹಿಂದೆ ಮುಂದೆ ವಾಹನ ಇಲ್ಲದ ಜಾಗ ನೋಡಿಕೊಂಡೇ ಮಾಡಿ. ಮೊದಲು ಹತ್ತು ನಿಮಿಷ ಓಡಿಸಿ. ಟೈರ್, ಆಯಿಲ್ ಬಿಸಿಯಾಗಲಿ. ಒಂದು ಗುರುತಿನ ಹತ್ತಿರ ಸರಿಯಾಗಿ 40ಕ್ಕೆ ಬನ್ನಿ. ಕ್ಲಚ್ ಹಿಡಿದು ನ್ಯೂಟ್ರಲ್‌ಗೆ ಹಾಕಿ. ಎಂಜಿನ್ ಚಾಲೂ ಇರಲಿ. ಬ್ರೇಕ್ ಮುಟ್ಟದೆ ಬೈಕ್ ತಾನಾಗಿ ನಿಲ್ಲುವವರೆಗೆ ಹೋಗಲು ಬಿಡಿ. ಎಷ್ಟು ದೂರ ಹೋಯಿತು ಅಂತ ಹೆಜ್ಜೆ ಹಾಕಿ ಅಳೆಯಿರಿ. ಅದೇ ರಸ್ತೆಯಲ್ಲಿ ಎದುರು ದಿಕ್ಕಿಗೂ ಮಾಡಿ. ಕಣ್ಣಿಗೆ ಸಮತಟ್ಟು ಕಂಡರೂ ರಸ್ತೆಗೆ ಇಳಿಜಾರು ಇರುತ್ತದೆ. ಎರಡರ ಸರಾಸರಿ ತೆಗೆದುಕೊಳ್ಳಿ.

40ರಲ್ಲೇ ಯಾಕೆ? ಜಾಸ್ತಿ ವೇಗದಲ್ಲಿ ಗಾಳಿಯ ತಡೆಯೇ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಕಡಿಮೆ ವೇಗದಲ್ಲಿ ಬ್ರೇಕ್ ಉಜ್ಜುವುದು, ಚೈನ್ ಬಿಗಿ ಇರುವುದು ಎದ್ದು ಕಾಣುತ್ತದೆ.

ನನ್ನ ಬೈಕ್ ಸುಮಾರು 130 ಮೀಟರಿಗೆ ನಿಂತುಬಿಟ್ಟಿತು. ಕೊನೆಯಲ್ಲಿ ಮೆಲ್ಲಗೆ ನಿಲ್ಲಲಿಲ್ಲ, ಯಾರೋ ಹಿಂದಿನಿಂದ ಹಿಡಿದಂತೆ ನಿಂತಿತು. ಪಕ್ಕದ ಮನೆಯ ಧಾರವಾಡದ ಗೆಳೆಯನ 125 ಸಿಸಿ ಬೈಕನ್ನು ಅದೇ ರಸ್ತೆಯಲ್ಲಿ ನಾನೇ ಓಡಿಸಿ ನೋಡಿದೆ. 190 ಮೀಟರ್ ಹೋಯಿತು. ಆ 60 ಮೀಟರ್ ವ್ಯತ್ಯಾಸ ನೋಡಿದ ಕೂಡಲೇ ಗೊತ್ತಾಯಿತು. ಮೂರು ಗ್ಯಾರೇಜಿನಲ್ಲೂ ತಪ್ಪು ಜಾಗದಲ್ಲಿ ಹುಡುಕಿದ್ದೆವು.

ಇಲ್ಲಿ ನನ್ನ ತಪ್ಪೂ ಇತ್ತು. ಎಲ್ಲ ಕಡೆ ನಾನು ಮರಾಠಿಯಲ್ಲಿ ‘ಗಾಡಿ ಓಢತ ನಾಹೀ’ ಅಂದಿದ್ದೆ. ಗಾಡಿ ಎಳೆಯುತ್ತಿಲ್ಲ ಅಂತ. ಹಾಗಂದರೆ ಯಾವ ಮೆಕ್ಯಾನಿಕ್ ಆದರೂ ಎಂಜಿನ್‌ಗೇ ಕೈ ಹಾಕುತ್ತಾರೆ. ‘ಬ್ರೇಕ್ ಜಾಮ್ ಹೋತೋಯ್, ಚಾಕ ಫಿರತ ನಾಹೀ’ (ಬ್ರೇಕ್ ಹಿಡಿದುಕೊಳ್ಳುತ್ತಿದೆ, ಚಕ್ರ ತಿರುಗುತ್ತಿಲ್ಲ) ಅಂದಿದ್ದರೆ ಚಕ್ರದಿಂದ ಶುರು ಮಾಡುತ್ತಿದ್ದರು. ಮೆಕ್ಯಾನಿಕ್‌ಗೆ ಅನಿಸಿಕೆ ಹೇಳಬೇಡಿ, ನೋಡಿದ್ದನ್ನು ಹೇಳಿ.

ಮುಂದಿನ ಬ್ರೇಕ್

ನಾಲ್ಕೈದು ಕಿಲೋಮೀಟರ್ ಓಡಿಸಿ ಬನ್ನಿ. ಕೊನೆಯ ಅರ್ಧ ಕಿಲೋಮೀಟರ್ ಬ್ರೇಕ್ ಹಿಡಿಯದೆ ನಿಧಾನವಾಗಿ ಬಂದು ನಿಲ್ಲಿಸಿ. ಡಿಸ್ಕ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ‘ಚುಂಯ್’ ಅಂದರೆ ಬ್ರೇಕ್ ಉಜ್ಜುತ್ತಿದೆ. ಬೆರಳು ಇಟ್ಟು ನೋಡಬೇಡಿ, ಚರ್ಮ ಸುಡುತ್ತದೆ. ಆಮೇಲೆ ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ. ಹಿಂದೆ ಒಬ್ಬರು ಒತ್ತಿ ಹಿಡಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಕೈಯಿಂದ ತಿರುಗಿಸಿ. ಮೆಲ್ಲನೆಯ ‘ಸರ್’ ಸದ್ದು ಸಹಜ. ಒಂದು ಸುತ್ತೂ ಪೂರಾ ಆಗದೆ ನಿಂತರೆ ಸಹಜ ಅಲ್ಲ. ನನ್ನದು ಮುಕ್ಕಾಲು ಸುತ್ತಿಗೆ ನಿಂತಿತ್ತು.

ಯಾಕೆ ಹೀಗಾಗುತ್ತದೆ ಅನ್ನುವುದು ಗೊತ್ತಿದ್ದರೆ ಮುಂದೆಂದೂ ಮೋಸ ಹೋಗುವುದಿಲ್ಲ. ಡಿಸ್ಕನ್ನು ಎರಡು ಪ್ಯಾಡ್‌ಗಳ ನಡುವೆ ಹಿಡಿಯುವ ಭಾಗವೇ ಕ್ಯಾಲಿಪರ್. ಸಣ್ಣ ಬೈಕುಗಳ ಕ್ಯಾಲಿಪರ್‌ನಲ್ಲಿ ಸಾಮಾನ್ಯವಾಗಿ ಒಂದೇ ಕಡೆ ಪಿಸ್ಟನ್ ಇರುತ್ತದೆ. ಲಿವರ್ ಹಿಡಿದಾಗ ಪಿಸ್ಟನ್ ಒಂದು ಪ್ಯಾಡನ್ನು ಒತ್ತುತ್ತದೆ. ಕ್ಯಾಲಿಪರ್ ಪೂರ್ತಿ ಎರಡು ಪಿನ್‌ಗಳ ಮೇಲೆ ಪಕ್ಕಕ್ಕೆ ಸರಿದು ಇನ್ನೊಂದು ಪ್ಯಾಡನ್ನು ಎಳೆದು ತರುತ್ತದೆ. ಲಿವರ್ ಬಿಟ್ಟಾಗ ಪಿಸ್ಟನ್ನನ್ನು ಹಿಂದೆ ಎಳೆಯಲು ಸ್ಪ್ರಿಂಗ್ ಇಲ್ಲ. ಅದರ ಸುತ್ತ ಇರುವ ರಬ್ಬರ್ ಸೀಲ್ ಸ್ವಲ್ಪ ತಿರುಚಿಕೊಂಡಿರುತ್ತದೆ. ಅದು ಮತ್ತೆ ನೇರ ಆಗುವಾಗ ಪಿಸ್ಟನ್ ಕೂದಲೆಳೆಯಷ್ಟು ಹಿಂದೆ ಬರುತ್ತದೆ. ಅಷ್ಟೇ. ಪಿನ್‌ನಲ್ಲಿ ಗ್ರೀಸ್ ಒಣಗಿದರೆ, ಪಿಸ್ಟನ್ ಮೇಲೆ ಕೆಸರು ಕಟ್ಟಿದರೆ ಆ ಕೂದಲೆಳೆಯ ಜಾಗವೂ ಇರುವುದಿಲ್ಲ. ನೀವು ದಿನವಿಡೀ ಬ್ರೇಕ್ ಹಿಡಿದುಕೊಂಡೇ ಓಡಿಸುತ್ತಿರುತ್ತೀರಿ.

ಪುಣೆಯ ನಾಲ್ಕು ತಿಂಗಳ ಮಳೆ, ರಸ್ತೆ ಕೆಲಸದ ಸಿಮೆಂಟ್ ಕೆಸರು, ಆಮೇಲೆ ವಾಷಿಂಗ್ ಸೆಂಟರಿನ ಜೋರು ನೀರು. ಇವು ಪಿನ್‌ನ ರಬ್ಬರ್ ಟೋಪಿಯೊಳಗೆ ನುಗ್ಗುತ್ತವೆ. ನನ್ನ ಬೈಕಿನ ಒಂದು ಪಿನ್ ತುಕ್ಕು ಹಿಡಿದು ಪೂರ್ತಿ ಕಚ್ಚಿಕೊಂಡಿತ್ತು. ಪಿಸ್ಟನ್ ಕಡೆಯ ಪ್ಯಾಡ್ ಸವೆದು ಇನ್ನೊಂದರ ಅರ್ಧ ದಪ್ಪಕ್ಕೆ ಬಂದಿತ್ತು. ಎರಡು ಪ್ಯಾಡ್ ಸಮನಾಗಿ ಸವೆಯದಿದ್ದರೆ ಬೇರೆ ಸಾಕ್ಷಿಯೇ ಬೇಡ.

ಕೆಲಸ ದೊಡ್ಡದಲ್ಲ. ಎರಡು ಬೋಲ್ಟ್ ಬಿಚ್ಚಿದರೆ ಕ್ಯಾಲಿಪರ್ ಕೈಗೆ ಬರುತ್ತದೆ. ಎಬಿಎಸ್ ಇದ್ದರೆ ವೈರ್ ಎಳೆಯದಂತೆ ನೋಡಿಕೊಳ್ಳಿ. ಪಿನ್ ತೆಗೆದು ಒರೆಸಿ, ತುಕ್ಕು ಉಜ್ಜಿ, ಬ್ರೇಕ್‌ಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ಹಾಕಬೇಡಿ, ಅದರಿಂದ ರಬ್ಬರ್ ಉಬ್ಬಿ ಮತ್ತೆ ಹಿಡಿದುಕೊಳ್ಳುತ್ತದೆ. ಪಿಸ್ಟನ್ ಸುತ್ತ ಹಳೆ ಟೂತ್ ಬ್ರಷ್ಷಿಗೆ ಬ್ರೇಕ್ ಫ್ಲೂಯಿಡ್ ಹಚ್ಚಿ ಉಜ್ಜಿ. ಬ್ರೇಕ್ ಫ್ಲೂಯಿಡ್ ಪೇಂಟ್ ಕಿತ್ತುಹಾಕುತ್ತದೆ. ಬೈಕಿನ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ. ಒಳಗೆ ತಳ್ಳಿದರೂ ಪಿಸ್ಟನ್ ಹೋಗದಿದ್ದರೆ ಸೀಲ್ ಬದಲಿಸಬೇಕು. ಅದನ್ನು ಗ್ಯಾರೇಜಿಗೇ ಬಿಡಿ.

ಮೂರು ಎಚ್ಚರಿಕೆ ಕೈಮುಗಿದು ಹೇಳುತ್ತೇನೆ. ಕ್ಯಾಲಿಪರ್ ಹೊರಗಿರುವಾಗ ಬ್ರೇಕ್ ಲಿವರ್ ಹಿಡಿಯಬೇಡಿ, ಪಿಸ್ಟನ್ ಹೊರಗೆ ಹಾರುತ್ತದೆ. ಪ್ಯಾಡಿಗೆ, ಡಿಸ್ಕಿಗೆ ಗ್ರೀಸ್ ತಾಗಬಾರದು. ಮತ್ತೆ ಜೋಡಿಸಿದ ಮೇಲೆ ಬೈಕ್ ಕದಲಿಸುವ ಮೊದಲೇ ಲಿವರ್ ಗಟ್ಟಿಯಾಗುವವರೆಗೆ ಹಲವು ಸಲ ಹಿಡಿದು ಬಿಡಿ. ಇದನ್ನು ಮರೆತರೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ.

ಚೈನ್ ಮತ್ತು ಹಿಂಬ್ರೇಕ್, ಒಂದೇ ಗಂಟು

ಚೈನ್ ಬಿಗಿ ಮಾಡುವಾಗ ಹಿಂದಿನ ಚಕ್ರವನ್ನು ಹಿಂದಕ್ಕೆ ಸರಿಸುತ್ತಾರೆ. ಡ್ರಮ್ ಬ್ರೇಕಿನ ರಾಡ್‌ನ ಒಂದು ತುದಿ ಪೆಡಲಿಗೆ, ಇನ್ನೊಂದು ಚಕ್ರದ ಕಡೆ ಇರುತ್ತದೆ. ಚಕ್ರ ಹಿಂದೆ ಹೋದರೆ ರಾಡ್ ಎಳೆದಂತಾಗಿ ಬ್ರೇಕ್ ತಾನಾಗಿಯೇ ಬಿಗಿಯಾಗುತ್ತದೆ. ಆಮೇಲೆ ನಟ್ ಸಡಿಲ ಮಾಡಬೇಕು. ಅವಸರದಲ್ಲಿ ಅದು ಬಿಟ್ಟುಹೋಗುತ್ತದೆ. ನನ್ನ ಸರ್ವಿಸಿನಲ್ಲಿ ಆಗಿದ್ದೂ ಇದೇ. ಪೆಡಲ್ ಒತ್ತಿದರೆ ಬ್ರೇಕ್ ಹಿಡಿಯುವ ಮೊದಲು 20ರಿಂದ 30 ಮಿಲಿಮೀಟರ್ ಸುಮ್ನೆ ಹೋಗಬೇಕು. ನನ್ನದರಲ್ಲಿ ಐದೂ ಇರಲಿಲ್ಲ.

ಚೈನ್ ಕೂಡ ವಿಪರೀತ ಬಿಗಿ ಇತ್ತು. ಹೆಚ್ಚಿನ ಸಣ್ಣ ಬೈಕುಗಳಿಗೆ ಚೈನಿನ ಮಧ್ಯದಲ್ಲಿ 25ರಿಂದ 30 ಮಿಲಿಮೀಟರ್ ಆಟ ಬೇಕು. ನಿಮ್ಮ ಬೈಕಿನ ಪುಸ್ತಕದಲ್ಲಿ ಸರಿಯಾದ ಅಂಕಿ ಇರುತ್ತದೆ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ. ಚೈನ್ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಅತಿ ಬಿಗಿ ಇರುವ ಜಾಗದಲ್ಲಿ ಅಳತೆ ಇಡಬೇಕು. ನೀವು ಕೂತಾಗ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲೆದ್ದು ಚೈನ್ ಇನ್ನೂ ಬಿಗಿಯಾಗುತ್ತದೆ. ಮೊದಲೇ ಬಿಗಿ ಇದ್ದರೆ ಹಿಂದಿನ ಸಸ್ಪೆನ್ಷನ್‌ಗೆ ಮೇಲೆ ಕೆಳಗೆ ಆಡಲು ಜಾಗವೇ ಇರುವುದಿಲ್ಲ. ಗುಂಡಿ ಬಂದಾಗಲೆಲ್ಲ ಏಟು ನೇರ ಸೊಂಟಕ್ಕೆ. ನನ್ನ ಬೆನ್ನುನೋವಿನ ಅರ್ಧ ಇಲ್ಲಿಂದ ಬಂದಿತ್ತು. ಗೇರ್ ಬಾಕ್ಸಿನ ಬೇರಿಂಗ್ ಕೂಡ ಇದರಿಂದ ಬೇಗ ಹಾಳಾಗುತ್ತದೆ. 60-70ರಲ್ಲಿ ‘ಗುಂಯ್’ ಅನ್ನುವ ಸದ್ದು ಬಂದು ಫುಟ್‌ರೆಸ್ಟ್ ನಡುಗಿದರೆ ಮೊದಲು ಚೈನ್ ನೋಡಿ.

500-600 ಕಿಲೋಮೀಟರಿಗೊಮ್ಮೆ ಸೀಮೆಎಣ್ಣೆಯಿಂದ ಒರೆಸಿ 90 ನಂಬರ್ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇ ಹಾಕಿ. ಓ ರಿಂಗ್ ಚೈನ್ (ಕೊಂಡಿಗಳ ನಡುವೆ ರಬ್ಬರ್ ಬಳೆ ಇರುವುದು) ಇದ್ದರೆ ಪೆಟ್ರೋಲ್ ಮುಟ್ಟಿಸಬೇಡಿ. ದಯವಿಟ್ಟು ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುತ್ತಾ ಚೈನ್ ಒರೆಸಬೇಡಿ. ಬಟ್ಟೆ ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ಕೈಯಿಂದ ತಿರುಗಿಸಿ, ಎರಡು ನಿಮಿಷ ಜಾಸ್ತಿ ಹಿಡಿಯಲಿ.

ಗಾಳಿ

ಪಂಕ್ಚರ್ ಅಂಗಡಿಯಲ್ಲಿ ‘ಹವಾ ಟೈಟ್ ಮಾಡಿ, ಆವರೇಜ್ ಬರುತ್ತೆ’ ಅಂತ 40 ಪಿಎಸ್ಐ ತುಂಬಿಸಿಕೊಳ್ಳುವವರನ್ನು ದಿನಾ ನೋಡುತ್ತೇನೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಅದರಿಂದ ಸಿಗುವ ಮೈಲೇಜ್ ಅತ್ಯಲ್ಪ. ಹೋಗುವುದು ಜಾಸ್ತಿ. ಟೈರ್ ನೆಲ ಹಿಡಿಯುವ ಜಾಗ ಕಡಿಮೆಯಾಗಿ ಮಳೆಯಲ್ಲಿ ಬೈಕ್ ಜಾರುತ್ತದೆ. ಕಾಂಕ್ರೀಟ್ ರಸ್ತೆಯ ಪ್ರತಿ ಜಾಯಿಂಟೂ ಕೈಗೆ ಬಡಿಯುತ್ತದೆ. ಪೇವರ್ ಬ್ಲಾಕ್ ಮೇಲಂತೂ ಕೇಳಲೇಬೇಡಿ.

ಸಣ್ಣ ಬೈಕುಗಳಿಗೆ ಸಾಮಾನ್ಯವಾಗಿ ಮುಂದೆ 25, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 32-33. ಬೈಕಿನ ಮೇಲೆ ಅಂಟಿಸಿದ ಚೀಟಿಯಲ್ಲಿ ನೋಡಿ ಅದನ್ನೇ ಪಾಲಿಸಿ. ಟೈರ್ ತಣ್ಣಗಿರುವಾಗ ಅಳೆಯಬೇಕು, ಬಿಸಿಯಾದ ಮೇಲೆ ಅಂಕಿ ಏರುತ್ತದೆ. ಒಂದು ಸ್ವಂತ ಗೇಜ್ ಇಟ್ಟುಕೊಳ್ಳಿ. ನನ್ನ ಹಿಂದಿನ ಟೈರಿನಲ್ಲಿ 20 ಮಾತ್ರ ಇತ್ತು. ವಾಲ್ವ್ ಸಣ್ಣಗೆ ಸೋರುತ್ತಿತ್ತು.

ಅಂದಕ್ಕೆಂದು ದಪ್ಪ ಟೈರ್ ಹಾಕಿಸಿದ್ದರೆ ಮೈಲೇಜ್ ಇಳಿಯುವುದು ದೋಷ ಅಲ್ಲ, ಅದು ಆ ಟೈರಿನ ಬೆಲೆ.

ಚೆನ್ನಾಗಿ ಉರುಳುತ್ತಿದ್ದರೆ

ಹಾಗಾದರೆ ಈಗ ಎಂಜಿನ್ ಕಡೆ ಬನ್ನಿ. ಮೊದಲು ಕ್ಲಚ್. ನಾಲ್ಕನೇ ಗೇರಿನಲ್ಲಿ 40ರಲ್ಲಿ ಹೋಗುತ್ತಾ ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಡಿ. ಬೋಪದೇವ್ ಘಾಟ್ ಇದಕ್ಕೆ ಒಳ್ಳೆ ಜಾಗ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಪ್ಲೇಟ್ ಬದಲಿಸುವ ಮೊದಲು ಲಿವರ್ ತುದಿಯಲ್ಲಿ 10ರಿಂದ 15 ಮಿಲಿಮೀಟರ್ ಆಟ ಇದೆಯೇ ನೋಡಿ. ಕೇಬಲ್ ಬಿಗಿ ಇದ್ದರೂ ಕ್ಲಚ್ ಜಾರುತ್ತದೆ. ಕಾರಿನ ಆಯಿಲ್ ಹಾಕಿದ್ದರೂ ಜಾರಬಹುದು. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇರಬೇಕು.

ಏರ್ ಫಿಲ್ಟರ್ ವಿಷಯದಲ್ಲಿ ಚಾಕಣ್ ಕಡೆ ಓಡಾಡುವವರು ಹುಷಾರಾಗಿರಬೇಕು. ಲಾರಿ ಧೂಳಿನಲ್ಲಿ ಪುಸ್ತಕ ಹೇಳುವುದಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ. ಎಣ್ಣೆ ಹೀರಿದ ಕಾಗದದ ಫಿಲ್ಟರನ್ನು ಗಾಳಿ ಹೊಡೆದು ಕ್ಲೀನ್ ಮಾಡಬಾರದು, ಬದಲಿಸಲೇಬೇಕು. ಕಾರ್ಬುರೇಟರ್ ಬೈಕಿನಲ್ಲಿ ಕಟ್ಟಿದ ಫಿಲ್ಟರ್ ನೇರವಾಗಿ ಪೆಟ್ರೋಲ್ ಕುಡಿಸುತ್ತದೆ. ಇಂಜೆಕ್ಷನ್ ಬೈಕಿನಲ್ಲಿ ಕಂಪ್ಯೂಟರ್ ಪೆಟ್ರೋಲನ್ನೂ ತಗ್ಗಿಸುವುದರಿಂದ ಮೊದಲು ಪಿಕಪ್ ಹೋಗುತ್ತದೆ. ಮೈಲೇಜ್ ಇಳಿಯುವುದು ನೀವು ಥ್ರಾಟಲ್ ಜಾಸ್ತಿ ತಿರುಗಿಸಲು ಶುರು ಮಾಡಿದ ಮೇಲೆ.

ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಒದ್ದೆ ಕಪ್ಪು ಇದ್ದರೆ ಆಯಿಲ್ ಉರಿಯುತ್ತಿದೆ. ಧಾರವಾಡದ ಗೆಳೆಯನ 125ರ ಮೈಲೇಜೂ ಇಳಿದಿತ್ತು. ಆದರೆ ಅದು 190 ಮೀಟರ್ ಉರುಳಿತ್ತಲ್ವಾ, ಹಾಗಾಗಿ ಚಕ್ರ ಮುಟ್ಟಲಿಲ್ಲ. ಪ್ಲಗ್ ತೆಗೆದರೆ ಮಸಿ. ಎಂಜಿನ್ ಬಿಸಿಯಾದ ಮೇಲೂ ಐಡ್ಲಿಂಗ್ ಜಾಸ್ತಿಯೇ ಇತ್ತು, ಸೈಲೆನ್ಸರಿನಲ್ಲಿ ಪೆಟ್ರೋಲ್ ವಾಸನೆ. ಎಂಜಿನ್ ಬಿಸಿ ಅಳೆಯುವ ಸೆನ್ಸರಿನ ಕನೆಕ್ಟರ್ ಹಸಿರುಗಟ್ಟಿತ್ತು. ಅದರಿಂದ ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು, ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕೊಡುವಷ್ಟು ಪೆಟ್ರೋಲನ್ನು ಇಡೀ ದಿನ ಕೊಡುತ್ತಿತ್ತು. ಕನೆಕ್ಟರ್ ಕ್ಲೀನ್ ಮಾಡಿದ ಮೇಲೆ ಸರಿಹೋಯಿತು. ಅವನ ಬೈಕಿಗೂ ನನ್ನ ಬೈಕಿಗೂ ಒಂದೇ ರೋಗಲಕ್ಷಣ, ಕಾರಣ ಬೇರೆ ಬೇರೆ. ಬೇರ್ಪಡಿಸಿ ತೋರಿಸಿದ್ದು ಉರುಳಿಸುವ ಪರೀಕ್ಷೆ.

ಮೀಟರಿನಲ್ಲಿ ಎಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಇರುವ ಕಡೆಗೇ ಹೋಗಿ. ಊಹೆ ಮಾಡುತ್ತಾ ಭಾಗ ಬದಲಿಸಬೇಡಿ.

ಇ20 ಎಷ್ಟು ತಿನ್ನುತ್ತದೆ?

ತಿನ್ನುವುದು ನಿಜ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಎಥನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಶಕ್ತಿ ಇದೆ. ಶೇಕಡ 20 ಬೆರೆಸಿದರೆ ಶುದ್ಧ ಪೆಟ್ರೋಲಿಗಿಂತ ಸುಮಾರು 6-7ರಷ್ಟು ಶಕ್ತಿ ಕಡಿಮೆ. ಮೊದಲಿನ ಇ10ಕ್ಕೆ ಹೋಲಿಸಿದರೆ ಸುಮಾರು 3.5. ಅಂದರೆ 47 ಇದ್ದದ್ದು 45 ಚಿಲ್ಲರೆ ಆಗಬಹುದು. 38 ಆಗುವುದಿಲ್ಲ. ದೇಶದಲ್ಲಿ ಇ20 ಶುರುವಾದದ್ದು 2023ರ ಫೆಬ್ರವರಿಯಲ್ಲಿ. ನನ್ನ ಮೈಲೇಜ್ ಬಿದ್ದ ವಾರ ಬಂಕ್‌ನಲ್ಲಿ ಏನೂ ಬದಲಾಗಿರಲಿಲ್ಲ.

ಎಥನಾಲ್ ನೀರು ಹೀರುತ್ತದೆ. ಮಳೆಗಾಲದಲ್ಲಿ ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸಿ ಊರಿಗೆ ಹೋಗುವವರು ಟ್ಯಾಂಕ್ ಮುಚ್ಚಳದ ರಬ್ಬರ್ ಸರಿ ಇದೆಯೇ ನೋಡಿಕೊಳ್ಳಿ. ಹಳೆಯ ಕಾರ್ಬುರೇಟರ್ ಬೈಕ್ ಇದ್ದರೆ ಪೆಟ್ರೋಲ್ ಪೈಪನ್ನೂ ಆಗಾಗ ಮುಟ್ಟಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಿ.

ಬೈಕ್ ಸರಿ ಇದೆ, ಆದರೂ ಇಳಿದಿದೆ

ಆಗ ಓಡಿಸುವ ರೀತಿ ನೋಡಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುತ್ತದೆ. 60ರ ಬದಲು 80ರಲ್ಲಿ ಹೋದರೆ ಗಾಳಿ ತಳ್ಳುವ ಬಲ ಸುಮಾರು 1.8 ಪಟ್ಟು. 125 ಸಿಸಿಯಲ್ಲಿ ಇದು ಟ್ಯಾಂಕ್ ಖಾಲಿಯಾಗುವುದರಲ್ಲೇ ಕಾಣುತ್ತದೆ. ಇನ್ನೊಂದು, ಮನೆಯಿಂದ ಕೆಲಸಕ್ಕೆ ಎರಡೇ ಕಿಲೋಮೀಟರ್ ಇದ್ದರೆ ಎಂಜಿನ್ ಬಿಸಿಯಾಗುವುದೇ ಇಲ್ಲ. ಡಿಸೆಂಬರಿನ ಪುಣೆ ಚಳಿಯಲ್ಲಿ ಇನ್ನೂ ಕಷ್ಟ. ಹಿಂಜೇವಾಡಿ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲುವ ಅಭ್ಯಾಸವನ್ನಂತೂ ಬಿಡಲೇಬೇಕು. ಮೈಲೇಜ್ ಆಸೆಗೆ 30ರಲ್ಲೇ ಟಾಪ್ ಗೇರ್ ಹಾಕಿ ಎಂಜಿನ್ ಗೊಣಗಿಸುವುದೂ ತಪ್ಪು. ನಡುಗುವ ಎಂಜಿನ್‌ಗೆ ಥ್ರಾಟಲ್ ಜಾಸ್ತಿ ಬೇಕು, ಕೈಗೂ ನೋವು.

ಕೈ ಜುಮ್ಮು, ಸೊಂಟ ನೋವು

ಚೈನ್, ಬ್ರೇಕ್, ಗಾಳಿ ಸರಿ ಮಾಡಿದ ಮೇಲೂ ನನ್ನ ಅಂಗೈ ಸ್ವಲ್ಪ ಜುಮ್ಮೆನ್ನುತ್ತಿತ್ತು. ಹುಡುಕಿದರೆ ಹ್ಯಾಂಡಲ್ ತುದಿಯ ಭಾರದ ಗುಂಡುಗಳಲ್ಲಿ ಒಂದು ಬಿದ್ದುಹೋಗಿತ್ತು. ಅದನ್ನು ಅಂದಕ್ಕೆ ಇಟ್ಟಿರುವುದಿಲ್ಲ. ನಡುಕ ಹೀರುವುದೇ ಅದರ ಕೆಲಸ. ಎಂಜಿನ್ ಕೂರಿಸಿದ ಬೋಲ್ಟ್‌ಗಳನ್ನೂ ಒಮ್ಮೆ ಬಿಗಿ ನೋಡಿಸಿ. ಬ್ರೇಕ್, ಕ್ಲಚ್ ಲಿವರ್ ತುಂಬಾ ಮೇಲೆ ಇದ್ದರೆ ಮಣಿಕಟ್ಟು ಮಡಚಿಕೊಂಡೇ ಇರುತ್ತದೆ. ಮುಂಗೈ, ಬೆರಳು ಒಂದೇ ಗೆರೆಯಲ್ಲಿ ಬರುವಂತೆ ಲಿವರ್ ಕೆಳಗೆ ತಿರುಗಿಸಿ. ಐದು ನಿಮಿಷದ ಕೆಲಸ, ಮಣಿಕಟ್ಟಿಗೆ ತುಂಬಾ ಆರಾಮ.

ಸೊಂಟಕ್ಕೆ ಇನ್ನೊಂದು ಕಾರಣ ಸಿಕ್ಕಿತು. ಅಪ್ಪನನ್ನು ಕೂರಿಸಿಕೊಂಡು ಜ್ಯೋತಿಬಾ ಗುಡ್ಡಕ್ಕೆ ಹೋಗುವಾಗ ಹಿಂದಿನ ಶಾಕ್ ಅಬ್ಸಾರ್ಬರನ್ನು ಮೇಲಿನ ಹಂತಕ್ಕೆ ತಿರುಗಿಸಿದ್ದೆ. ವಾಪಸ್ ಇಳಿಸಿರಲಿಲ್ಲ. ಎರಡು ಹಂತ ಇಳಿಸಿದೆ. ಕಾತ್ರಜ್ ಹಳೆ ಘಾಟಿನ ತಿರುವುಗಳಲ್ಲಿ ಹಿಂದಿನ ಚಕ್ರ ಕುಪ್ಪಳಿಸುವುದು ನಿಂತಿತು.

ಹ್ಯಾಂಡಲ್ ನೇರ ಇರುವಾಗ ‘ಕಟ್’ ಅಂತ ಒಂದೇ ಜಾಗದಲ್ಲಿ ಕೂರುವಂತೆ ಅನಿಸಿದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಅದಕ್ಕೂ ಮೈಲೇಜಿಗೂ ಸಂಬಂಧ ಇಲ್ಲ, ಆದರೆ ತಿರುವಿನಲ್ಲಿ ಭಯ ಹುಟ್ಟಿಸುತ್ತದೆ. ತಡ ಮಾಡದೆ ಬದಲಿಸಿ.

ಈಗ ಎಲ್ಲಿಗೆ ಬಂದಿದೆ

ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಪ್ರತಿ ಸಲ ಪ್ರಾಧಿಕರಣದ ಅದೇ ರಸ್ತೆಯಲ್ಲಿ ಉರುಳಿಸಿ ನೋಡಿದೆ. ಗಾಳಿ ತುಂಬಿಸಿದ ಮೇಲೆ 130 ಇದ್ದದ್ದು 140. ಚೈನ್, ಹಿಂಬ್ರೇಕ್ ಸಡಿಲ ಮಾಡಿದಾಗ 160. ಮುಂದಿನ ಕ್ಯಾಲಿಪರ್ ಪಿನ್ ಆದ ಮೇಲೆ 195. ಸಿಲಿಕೋನ್ ಗ್ರೀಸ್, ವಾಲ್ವ್, ಒಂದು ಜೊತೆ ಪ್ಯಾಡ್, ಹ್ಯಾಂಡಲ್ ಗುಂಡು ಸೇರಿ ಖರ್ಚಾದದ್ದು ಸಾವಿರ ರೂಪಾಯಿಯ ಒಳಗೆ. ಮುಂದಿನ ತಿಂಗಳು ಊರಿಗೆ ಹೋಗಿ ಬಂದೆ. ಲೀಟರಿಗೆ 46. ಪೆಟ್ರೋಲ್ ದೀಪ ಹೊತ್ತಿಕೊಂಡದ್ದು ಸಾತಾರಾ ದಾಟಿ ಎಷ್ಟೋ ದೂರ ಬಂದ ಮೇಲೆ. ಖಂಬಾಟ್ಕಿಯನ್ನು ಮತ್ತೆ ನಾಲ್ಕನೇ ಗೇರಿನಲ್ಲೇ ಹತ್ತಿದೆ.

ಪಿನ್‌ಗಳು ಮುಂದಿನ ಮಳೆಯಲ್ಲೂ ಕೆಸರು ಕುಡಿಯುತ್ತವೆ. ಹೇಗೂ ಮಳೆ ನಿಂತ ಮೇಲೆ ಆಯುಧ ಪೂಜೆಗೆ ಎಲ್ಲರೂ ಬೈಕ್ ತೊಳೆಯುತ್ತೇವೆ. ಅದಕ್ಕೆ ಹಿಂದಿನ ದಿನವೇ ಕ್ಯಾಲಿಪರ್ ಬಿಚ್ಚಿ ಪಿನ್ ಒರೆಸಿ ಗ್ರೀಸ್ ಹಚ್ಚುತ್ತೇನೆ. ತೊಳೆಯುವಾಗ ಪೈಪಿನ ಜೋರು ನೀರನ್ನು ಚಕ್ರದ ಮಧ್ಯಕ್ಕೆ, ಕ್ಯಾಲಿಪರ್‌ಗೆ, ಸೆನ್ಸರ್ ವೈರುಗಳಿಗೆ ಹಿಡಿಯುವುದಿಲ್ಲ. ಬಕೆಟ್ಟು, ಬಟ್ಟೆ ಸಾಕು.